ಅಪ್‌ಡೇಟ್: ಅಂಬಾಸಿಡರ್ ಕುಲುಕಾಟ ಮುಕ್ಕಾಲು ಪಾಲು ನಿಂತಿತು

ಅಪ್ಪನ ಹಳೇ ಅಂಬಾಸಿಡರ್‌ನಲ್ಲಿ ದಿನಾ ದಾವಣಗೆರೆಯಿಂದ ಹರಿಹರಕ್ಕೆ ಓಡಾಡಿ ಸೊಂಟ ಬಿದ್ದುಹೋಗುತ್ತಿದೆ, ಹಿಂದಿನ ಪಾಟಾ (ಉಕ್ಕಿನ ಪಟ್ಟಿ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಕಿತ್ತು ಕಾಯಿಲ್ ಅಂದರೆ ಸುರುಳಿ ಸ್ಪ್ರಿಂಗ್ ಹಾಕಿಸಲಾ ಎಂದು ಕೇಳಿದ್ದೆ, ನೆನಪಿದೆ ಅಲ್ವಾ? ಹಾಕಿಸಲಿಲ್ಲ. ಮೊದಲು ಇರೋದನ್ನ ಸರಿ ಮಾಡಿಸು ಎಂದು ನೀವು ಬೈದಿದ್ದೇ ಒಳ್ಳೆಯದಾಯಿತು.

ಪಾಟಾ ಬಿಚ್ಚಿದಾಗ ನೋಡಿದರೆ, ಪಟ್ಟಿಗಳೆಲ್ಲ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದರ ಮೇಲೊಂದು ಜಾರಬೇಕಾದ ಪಟ್ಟಿ ಜಾರದಿದ್ದರೆ ಅದು ಸ್ಪ್ರಿಂಗ್ ಅಲ್ಲ, ಸುಮ್ನೆ ಕಬ್ಬಿಣದ ಹಲಗೆ. ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿದರು. ರಬ್ಬರ್ ಬುಷ್‌ಗಳು ಕೈಯಲ್ಲೇ ಪುಡಿಯಾದವು. ಅವೂ ಹೊಸವು, ನಾಲ್ಕು ಶಾಕ್ ಅಬ್ಸಾರ್ಬರ್ ಕೂಡ. ಒಂದು ಪಟ್ಟಿ ತೆಗೆದುಬಿಡೋಣ, ಮೆತ್ತಗಾಗುತ್ತೆ ಅಂದರು ಮೆಕ್ಯಾನಿಕ್. ಬೇಡ ಅಂದೆ. ಹಬ್ಬಕ್ಕೆ ಹಿಂದೆ ನಾಲ್ಕು ಜನ ಕೂತರೆ ಬಾಲ ನೆಲಕ್ಕೆ ತಾಗುತ್ತೆ! ಮುಂದಿನ ಟಾರ್ಷನ್ ಬಾರ್‌ನಲ್ಲಿ (ತಿರುಚಿಕೊಂಡು ಸ್ಪ್ರಿಂಗ್ ಥರ ಕೆಲಸ ಮಾಡೋ ಸರಳು) ಎರಡೂ ಕಡೆ ಎತ್ತರ ಸಮ ಮಾಡಿಸಿದೆ, ಅಷ್ಟೇ. ಅದರಿಂದ ಗಾಡಿ ಮೆತ್ತಗಾಗುವುದಿಲ್ಲ.

ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಹೆದ್ದಾರಿ 48ರಲ್ಲಿ ಚಿತ್ರದುರ್ಗಕ್ಕೆ ಹೋಗಿಬಂದೆ. ಕೋಟೆ ಹತ್ತಿ ಕಾಲು ನೋವು, ಸೊಂಟ ಮಾತ್ರ ಆರಾಮ. ಹಂಪ್ ಹತ್ತಿದಾಗ ಹಿಂದೆ ಎಡಗಡೆ ಕಿರ್ ಅನ್ನೋ ಸದ್ದು ಇನ್ನೂ ಇದೆ. ಪಾಟಾವನ್ನು ಗಾಡಿಗೆ ಜೋಡಿಸೋ ಶ್ಯಾಕಲ್ ಪಿನ್ ಇರಬೇಕು, ಮುಂದಿನ ವಾರ ತೋರಿಸುತ್ತೇನೆ.