ಪಿತ್ತಕೋಶ ಅಂದ್ರೆ ಲಿವರ್ರಾ ಗಾಲ್‌ಬ್ಲಾಡರ್ರಾ?

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿದೀನಿ, ಭಾಷಾಪಂಡಿತ ಏನಲ್ಲ, ಆದ್ರೆ ಹೋದ ತಿಂಗಳು ಒಂದೇ ಒಂದು ಪದದಿಂದ ನಮ್ಮನೇಲಿ ರಾದ್ಧಾಂತ ಆಗಿ ಹೋಯ್ತು, ಅದಕ್ಕೆ ಕೇಳ್ತಿದೀನಿ. ನಮ್ಮ ಚಿಕ್ಕಪ್ಪಂಗೆ ಗಾಲ್‌ಬ್ಲಾಡರಲ್ಲಿ ಕಲ್ಲಿತ್ತು, ಆಪರೇಷನ್ ಮಾಡಿ ಗಾಲ್‌ಬ್ಲಾಡರನ್ನೇ ತೆಗೆದ್ರು. ನಾನು ಹಳೇಬೀಡಿನ ದೊಡ್ಡಮ್ಮಂಗೆ ಫೋನ್ ಮಾಡಿ 'ಪಿತ್ತಕೋಶ ತೆಗೆದ್ರು ದೊಡ್ಡಮ್ಮ, ಆರಾಮಾಗಿದಾರೆ' ಅಂದೆ. ಪಕ್ಕದಲ್ಲಿದ್ದ ಮೊಮ್ಮಗಳು 'ಅಜ್ಜೀ, ಪಿತ್ತಕೋಶ ಅಂದ್ರೆ ಲಿವರ್' ಅಂದ್ಬಿಟ್ಟಿದಾಳೆ. ಸಂಜೆ ಹೊತ್ತಿಗೆ ಎರಡು ಕಾರು ತುಂಬ ಜನ, ಗೇಟ್ ಹತ್ರಾನೇ ಅಳು ಶುರು.

ಹುಡುಗೀದೂ ತಪ್ಪಿಲ್ಲ ಬಿಡಿ, ಲಿವರ್ರಿಗೆ ಪಿತ್ತಕೋಶ ಅಂತ ಬರೆದಿರೋದನ್ನ ನಾನೇ ಎಷ್ಟೋ ಕಡೆ ಓದಿದೀನಿ, ಇನ್ನು ಕೆಲವರು ಪಿತ್ತಜನಕಾಂಗ ಅಂತಾರೆ, ಕೆಲವರು ಯಕೃತ್ತು, ಗಾಲ್‌ಬ್ಲಾಡರ್ರಿಗೆ ಪಿತ್ತಾಶಯಾನೂ ಇದೆ ಪಿತ್ತಕೋಶಾನೂ ಇದೆ. ನನ್ನ ತಲೆಗೆ ಹೊಳೆಯೋದು ಇಷ್ಟು: ಜನಕ ಅಂದ್ರೆ ಹುಟ್ಟಿಸೋದು, ಕೋಶ ಅಂದ್ರೆ ಕೂಡಿಡೋ ಜಾಗ. ಪಿತ್ತರಸ ತಯಾರಾಗೋದು ಲಿವರಲ್ಲಿ, ದಿನಕ್ಕೆ ಅರ್ಧದಿಂದ ಒಂದು ಲೀಟರ್. ಗಾಲ್‌ಬ್ಲಾಡರ್ ಹಿಡಿಯೋದು ಬರೀ 30ರಿಂದ 50 ಎಂಎಲ್, ಅದು ರಸದಲ್ಲಿರೋ ನೀರು ಹೀರಿ ಗಟ್ಟಿ ಮಾಡಿ ಇಟ್ಕೊಂಡಿರುತ್ತೆ, ನಾವು ಎಣ್ಣೆ ತುಪ್ಪದ್ದು ತಿಂದು ಆ ಜಿಡ್ಡು ಸಣ್ಣಕರುಳಿಗೆ ಇಳಿದ ತಕ್ಷಣ ಹಿಂಡಿ ಬಿಡುತ್ತೆ, ಜಿಡ್ಡು ಸಣ್ಣ ಸಣ್ಣ ಹನಿ ಆಗಿ ಜೀರ್ಣ ಆಗೋಕೆ. ಅದನ್ನ ತೆಗೆದ್ರೂ ಲಿವರಿಂದ ರಸ ಸೀದಾ ಕರುಳಿಗೆ ಹೋಗ್ತಾ ಇರುತ್ತೆ, ಗೋಡೌನ್ ಹೋಯ್ತು ಫ್ಯಾಕ್ಟರಿ ನಡೀತಿದೆ. ಹಂಗಾಗಿ ಲಿವರ್ರಿಗೆ ಪಿತ್ತಕೋಶ ಅನ್ನೋದು ತಪ್ಪು ಅಂತ ನನ್ನ ವಾದ.

ಇಷ್ಟೆಲ್ಲ ಹೇಳಿದ್ರೂ ದೊಡ್ಡಮ್ಮ ನಂಬ್ಲಿಲ್ಲ. ಕೊನೆಗೆ 'ಕೋಳಿ ಕ್ಲೀನ್ ಮಾಡುವಾಗ ಈಲಿಗೆ ಅಂಟ್ಕೊಂಡು ಹಸಿರುಗೆ ಒಂದು ಚೀಲ ಇರುತ್ತಲ್ಲ' ಅಂದೆ ನೋಡಿ, ಮುಖಾನೇ ಬದಲಾಯ್ತು. 'ಥೂ, ಪಿತ್ತಾನಾ! ಅದು ಒಡೆದ್ರೆ ಸಾರೆಲ್ಲ ಕಹಿ. ನಾವೂ ಕಿತ್ತು ಬಿಸಾಕ್ತೀವಲ್ಲೋ' ಅಂತ ಸೆರಗಲ್ಲಿ ಕಣ್ಣೊರೆಸ್ಕೊಂಡು ಕಾಫಿ ಕೇಳಿದ್ರು. ನೋಡಿ, ಲಿವರ್ರಿಗೆ ಈಲಿ ಅನ್ನೋ ಪದ ಅಡುಗೆಮನೇಲಿ ಎಂದಿನಿಂದಾನೋ ಇದೆ, ಅದು ಯಾಕೆ ಪುಸ್ತಕಕ್ಕೆ ಬರ್ಲಿಲ್ಲ? ಆದ್ರೆ ಚೀಲಕ್ಕೂ ಒಳಗಿನ ರಸಕ್ಕೂ ಅವರು ಪಿತ್ತ ಅಂತಾನೇ ಅಂದ್ರು. ಚೀಲಕ್ಕೇ ಅಂತ ಬೇರೆ ಪದ ನಿಮ್ಮ ಕಡೆ ಇದ್ರೆ ದಯವಿಟ್ಟು ಹೇಳಿ, ಇಲ್ದಿದ್ರೆ ಪಿತ್ತಚೀಲ ಅಂದ್ಬಿಡೋಣ್ವಾ?

ಇನ್ನು ನನ್ನ ಅಂಗಡೀಲಿ 'ಪಿತ್ತ ಆಗಿದೆ ಮಾತ್ರೆ ಕೊಡಿ' ಅಂದ್ರೆ ಗ್ಯಾಸ್ಟ್ರಿಕ್ಕು, ಹುಳಿತೇಗು ಅಂತ ಅರ್ಥ. ಆದ್ರೆ ಅದು ಹೊಟ್ಟೆಯ ಆಸಿಡ್, ಪಿತ್ತರಸ ಆಸಿಡ್ಡೇ ಅಲ್ಲ, ಕ್ಷಾರದ ಕಡೆಗಿರೋದು. ಪಿತ್ತ ನೆತ್ತಿಗೇರೋದು, ಪಿತ್ತಗಂಧೆ ಏಳೋದು ಇದೆಲ್ಲ ವಾತ ಪಿತ್ತ ಕಫದ ಲೆಕ್ಕ, ಆ ಪಿತ್ತಾನೇ ಬೇರೆ. ಒಂದೇ ಪದಕ್ಕೆ ಎಷ್ಟು ಹೊರೆ!

ಕಾಮಾಲೆ ವಿಷಯಾನೂ ಹಂಗೇ. ಹುಬ್ಬಳ್ಳಿ ಕಡೆಯೋರು ಕಾಮಣಿ ಅಂತಾರೆ, ಸಂಸ್ಕೃತದ ಕಾಮಲಾ ಇದರ ಮೂಲ. ಜನ ಅದನ್ನೇ ಕಾಯಿಲೆ ಅನ್ಕೋತಾರೆ, ಅದು ಕಾಯಿಲೆಯ ಗುರುತು ಅಷ್ಟೆ. ರಕ್ತದ ಕೆಂಪುಕಣ ಸುಮಾರು 120 ದಿನ ಬದುಕಿ ಸಾಯುತ್ತೆ, ಅದರಿಂದ ಬಿಲಿರುಬಿನ್ ಅನ್ನೋ ಹಳದಿ ಬಣ್ಣ ಬರುತ್ತೆ, ಲಿವರ್ ಅದನ್ನ ಪಿತ್ತದ ಜೊತೆ ಕರುಳಿಗೆ ಸಾಗ್ಹಾಕುತ್ತೆ, ಮಲಕ್ಕೆ ಕಂದು ಬಣ್ಣ ಬರೋದು ಅದರಿಂದಾನೇ. ಕಣ ಜಾಸ್ತಿ ಸತ್ತರೂ, ಲಿವರ್ ಸೋತರೂ, ದಾರಿ ಕಟ್ಟಿಕೊಂಡರೂ ಆ ಬಣ್ಣ ರಕ್ತದಲ್ಲೇ ಉಳಿದು ಕಣ್ಣು ಹಳದಿ ಆಗುತ್ತೆ. ಚಿಕ್ಕಪ್ಪಂದು ಮೂರನೇದು, ಒಂದು ಕಲ್ಲು ಜಾರಿ ನಾಳದಲ್ಲಿ ಕೂತಿತ್ತು. ಮೂತ್ರ ಹಾಲಿಲ್ಲದ ಟೀ ಥರ, ಮಲ ಬಿಳಿ ಮಣ್ಣಿನ ಥರ, ಮೈಯೆಲ್ಲ ಕಡಿತ. ಯಾರೋ ಹೇಳಿದ್ರು ಅಂತ ಒಂದು ವಾರ ನೆಲನೆಲ್ಲಿ ಅರೆದು ಕುಡಿದ್ರು, ಸೊಪ್ಪು ಕುಡಿದ್ರೆ ಕಲ್ಲು ಸರಿಯುತ್ತಾ? ಆಮೇಲೆ ಬಾಯಿಂದ ಕ್ಯಾಮೆರಾ ಪೈಪ್ ಇಳಿಸಿ ನಾಳದ ಕಲ್ಲು ತೆಗೆದು, ಆಪರೇಷನ್ ಮಾಡಿದ್ದು. 'ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ' ಅಂತೀವಲ್ಲ, ಚಿಕ್ಕಪ್ಪನ್ನ ಕೇಳಿದೆ, ಗೋಡೆ ಸುಣ್ಣ ಬೆಳ್ಳಗೇ ಕಾಣ್ತಿತ್ತಂತೆ. ಹಳದಿ ಕಂಡಿದ್ದು ನಮಗೆ, ಅವರ ಕಣ್ಣಲ್ಲಿ.

ಕೊನೇದು. ಗೋರೋಚನ ಅಂದ್ರೆ ದನದ ಪಿತ್ತಚೀಲದ ಕಲ್ಲೇ ಅಂತ ಚಿಕ್ಕಪ್ಪಂಗೆ ಹೇಳಿದ್ದೇ ತಪ್ಪಾಯ್ತು. ಅವರ ಹನ್ನೊಂದು ಕಲ್ಲನ್ನ ಸಣ್ಣ ಬಾಟ್ಲಲ್ಲಿ ಹಾಕಿ ಟಿವಿ ಪಕ್ಕ ಇಟ್ಕೊಂಡು, ಬಂದೋರಿಗೆಲ್ಲ ತೋರಿಸ್ತಾ 'ದನದ್ದು ಗೋರೋಚನ ಆದ್ರೆ ನಂದೇನು, ಆ ನಿನ್ನ ಪದದೋರನ್ನ ಕೇಳು' ಅಂತ ದಿನಾ ಪ್ರಾಣ ತಿಂತಿದಾರೆ. ಏನಂತ ಹೇಳ್ಲಿ?