ಕಲ್ಪನೆಯ ದ್ವೀಪಕ್ಕೆ ದೊಡ್ಡ ಪ್ರಾಣಿ ಎಷ್ಟು, ಸಣ್ಣವು ಎಷ್ಟು? ಅನುಭವ ಇರುವವರು ಹೇಳಿ

ಪ್ರಶ್ನೆ

ಮಕ್ಕಳಿಗಾಗಿ ಒಂದು ಸಾಹಸ ಕಾದಂಬರಿ ಬರೆಯುತ್ತಿದ್ದೇನೆ. ಕತೆ ನಡೆಯುವ ದ್ವೀಪ ಪೂರ್ತಿ ನನ್ನ ಕಲ್ಪನೆಯದು. ವಿಸ್ತೀರ್ಣ 100 ಚದರ ಕಿಲೋಮೀಟರ್, ಉದ್ದಕ್ಕೂ ದಟ್ಟ ಮಳೆಕಾಡು. ಅಲ್ಲಿ 400 ಕಿಲೋ ತೂಗುವ ‘ಬಂಡೆಬೆಕ್ಕು’ಗಳು 20 ಇವೆ, ಆನೆ ಹಿಂಡೂ ಇದೆ. ಸಣ್ಣ ಪ್ರಾಣಿಗಳನ್ನೂ ಹಾಕಿದ್ದೇನೆ, ಆದರೆ ಅವು ಸುಮ್ನೆ ಅಲ್ಲಲ್ಲಿ ಓಡಾಡಿಕೊಂಡಿವೆ, ಕತೆಗೆ ಅಂಟುತ್ತಿಲ್ಲ. ಈ ಲೆಕ್ಕ ಹೇಗೆ ಸರಿದೂಗಿಸುವುದು?

ಗೇಮ್‌ಗಳಿಗೆ ಪ್ರಾಣಿಲೋಕ ಕಟ್ಟುವವರ ಉತ್ತರ

ತಲೆ ಎಣಿಸಬೇಡಿ, ತೂಕ ನೋಡಿ. ಯಾವ ಲೋಕ ಶುರು ಮಾಡಿದರೂ ನಾನು ಮೊದಲು ಹಾಕುವುದು ಕಿಲೋ ಲೆಕ್ಕ. ಕಾರ್ಬೋನ್ ಮತ್ತು ಗಿಟಲ್‌ಮನ್ ಎಂಬ ವಿಜ್ಞಾನಿಗಳು 2002ರಲ್ಲಿ ಹಲವು ಜಾತಿಯ ಮಾಂಸಾಹಾರಿಗಳನ್ನು ಹೋಲಿಸಿ ಒಂದು ಸರಾಸರಿ ಕೊಟ್ಟರು. 10,000 ಕಿಲೋ ಬೇಟೆಪ್ರಾಣಿ ಇರುವ ಕಡೆ ಸುಮಾರು 90 ಕಿಲೋ ಮಾಂಸಾಹಾರಿ ಬದುಕುತ್ತದೆ. ಚಿಕ್ಕದಿರಲಿ ದೊಡ್ಡದಿರಲಿ, ಪ್ರಮಾಣ ಹೆಚ್ಚುಕಡಿಮೆ ಇಷ್ಟೇ.

ನಿಮ್ಮ ಒಂದು ಬಂಡೆಬೆಕ್ಕಿಗೆ ಈ ಲೆಕ್ಕ ಹಾಕಿದರೆ 44,000 ಕಿಲೋ ಬೇಟೆ ಬೇಕು. ಜಿಂಕೆಗೆ 50 ಕಿಲೋ ಅಂತ ಹಿಡಿದರೆ ಸುಮಾರು 900 ಜಿಂಕೆ. ಇಪ್ಪತ್ತು ಬೆಕ್ಕಿಗೆ 18,000. ಅಂದರೆ ಚದರ ಕಿಲೋಮೀಟರಿಗೆ 180! ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಲೆಕ್ಕವೂ ಇದೇ ಜಾಡಿನದು. ಒಂದು ಹುಲಿ ವರ್ಷಕ್ಕೆ ಸುಮಾರು 50 ಪ್ರಾಣಿ ಹೊಡೆಯುತ್ತದೆ, ಅದಕ್ಕೆ ಕಾಡಿನಲ್ಲಿ 500ರಷ್ಟು ಪ್ರಾಣಿ ಇರಬೇಕು.

ಮೇಲಾಗಿ ನಿಮ್ಮದು ಮಳೆಕಾಡು. ಅಲ್ಲಿ ಸೊಪ್ಪೆಲ್ಲ ಮರದ ತುದಿಯಲ್ಲಿರುತ್ತದೆ, ನೆಲಕ್ಕೆ ಬಿಸಿಲು ಬೀಳುವುದಿಲ್ಲ, ಹುಲ್ಲು ಕಡಿಮೆ. ದೊಡ್ಡ ಜಿಂಕೆ ಹಿಂಡುಗಳು ಬಂಡೀಪುರದಂಥ ಎಲೆ ಉದುರುವ ಕಾಡಿನಲ್ಲಿ, ಹುಲ್ಲುಗಾವಲಿನಲ್ಲಿ ಜಾಸ್ತಿ. ಹಾಗಾಗಿ ದ್ವೀಪದ ಅರ್ಧಕ್ಕಾದರೂ ಬಯಲು ಬಿಡಿ.

ಬೆಕ್ಕನ್ನೇ ಕಮ್ಮಿ ಮಾಡಿ ಎರಡೋ ಮೂರೋ ಉಳಿಸಿದರೆ? ಆಗ ಸಂತತಿ ಮುಂದುವರಿಯುವುದು ಕಷ್ಟ. ನನ್ನ ಸಲಹೆ ಬೇರೆ: ಬಂಡೆಬೆಕ್ಕನ್ನು ಸರೀಸೃಪ ಮಾಡಿಬಿಡಿ. ಇಂಡೋನೇಷ್ಯಾದ ಕೊಮೊಡೊ ದ್ವೀಪಗಳಲ್ಲಿ ಬೇಟೆಗಾರರ ಪೈಕಿ ಎಲ್ಲಕ್ಕಿಂತ ದೊಡ್ಡದು ಹುಲಿಯೂ ಅಲ್ಲ, ಚಿರತೆಯೂ ಅಲ್ಲ, ಸುಮಾರು 70 ಕಿಲೋದ ಉಡ. ತಣ್ಣನೆ ರಕ್ತದ ಪ್ರಾಣಿ ಮೈ ಬೆಚ್ಚಗಿಡಲು ಆಹಾರ ಸುಡುವುದಿಲ್ಲ. ಅಷ್ಟೇ ತೂಕದ ಸಸ್ತನಿಗೆ ಬೇಕಾದ ಊಟದ ಹತ್ತನೇ ಒಂದು ಪಾಲು ಸಿಕ್ಕರೂ ಅದಕ್ಕೆ ನಡೆಯುತ್ತದೆ. ಇನ್ನೊಂದು ಲಾಭವೂ ಇದೆ. ಕೊಮೊಡೊ ಮರಿಗಳು ಮರದ ಮೇಲಿದ್ದು ಹುಳ, ಹಲ್ಲಿ ತಿನ್ನುತ್ತವೆ. ಕೆಳಗಿಳಿದರೆ ದೊಡ್ಡ ಉಡಗಳೇ ಅವನ್ನು ತಿಂದುಹಾಕುತ್ತವೆ. ಬೆಳೆದ ಮೇಲೆ ಜಿಂಕೆ, ಹಂದಿ ಹಿಡಿಯುತ್ತವೆ. ಒಂದೇ ಜಾತಿಯಲ್ಲಿ ನಿಮಗೆ ಸಣ್ಣ ಪ್ರಾಣಿಯೂ ಸಿಕ್ಕಿತು, ದೊಡ್ಡದೂ ಸಿಕ್ಕಿತು. ನನಗೆ ಬಹಳ ಇಷ್ಟವಾದ ವ್ಯವಸ್ಥೆ ಇದು.

ಘಟ್ಟದಲ್ಲಿ ಹಕ್ಕಿ ನೋಡುವವರ ಉತ್ತರ

ನಾನು ಕತೆ ಬರೆಯುವವಳಲ್ಲ. ದಾಂಡೇಲಿ ಕಡೆ ಮಂಗಟ್ಟೆ ಹಕ್ಕಿ ನೋಡಲು ಹೋಗುತ್ತಿರುತ್ತೇನೆ. ಸಣ್ಣ ಪ್ರಾಣಿ ಕತೆಗೆ ಅಂಟುತ್ತಿಲ್ಲ ಅಂದಿರಲ್ಲ, ಅದಕ್ಕೆ ಈ ಮಾತು.

ಹಣ್ಣಾದ ಒಂದು ಅತ್ತಿಕಾಯಿ ಬಿಡಿಸಿ ನೋಡಿ. ಒಳಗೆ ಒಂದೆರಡು ಮಿಲಿಮೀಟರ್ ಉದ್ದದ ಕಣಜಗಳು ಸಿಗುತ್ತವೆ. ಅತ್ತಿ, ಬಸರಿ, ಆಲ ಎಲ್ಲಕ್ಕೂ ಹೂವು ಕಾಯಿಯ ಒಳಗೇ ಇರುತ್ತದೆ. ಹೆಣ್ಣು ಕಣಜ ತುದಿಯ ತೂತಿನಲ್ಲಿ ನುಸುಳುವಾಗ ರೆಕ್ಕೆ ಮುರಿದುಹೋಗುತ್ತದೆ. ಒಳಗೆ ಮೊಟ್ಟೆ ಇಟ್ಟು, ಪರಾಗ ಹಚ್ಚಿ, ಅಲ್ಲೇ ಸಾಯುತ್ತದೆ. ಒಳಗೆ ಹುಟ್ಟುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳ ಜೊತೆ ಕೂಡಿ, ಹೊರಗೆ ದಾರಿ ಕೊರೆದು ಸಾಯುತ್ತವೆ. ಹೊರಬಿದ್ದ ಹೆಣ್ಣಿಗೆ ಆಯುಸ್ಸು ಒಂದೆರಡು ದಿನ. ಅಷ್ಟರಲ್ಲಿ ಅದೇ ಜಾತಿಯ ಇನ್ನೊಂದು ಮರ ಸಿಗಲೇಬೇಕು. ಹಾಗಾಗಿ ಕಾಡಿನಲ್ಲಿ ವರ್ಷವಿಡೀ ಯಾವುದಾದರೂ ಒಂದು ಮರ ಕಾಯಿ ಬಿಟ್ಟೇ ಇರುತ್ತದೆ. ಬೇರೆ ಹಣ್ಣಿಲ್ಲದ ದಿನಗಳಲ್ಲಿ ಮಂಗಟ್ಟೆ, ಸಿಂಗಳೀಕ, ಕುಟ್ರು ಹಕ್ಕಿಗಳ ಹೊಟ್ಟೆ ತುಂಬುವುದು ಇದರಿಂದಲೇ.

ಈಗ ಹೆಣ್ಣು ಮಂಗಟ್ಟೆಯನ್ನು ನೆನೆಸಿಕೊಳ್ಳಿ. ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಂಡಿದೆ, ಕೊಕ್ಕು ಹೊರಚಾಚುವಷ್ಟೇ ಸಂದು. ಗಂಡು ಹಣ್ಣು ತಂದು ಕೊಟ್ಟರೆ ಮಾತ್ರ ಊಟ. ನಿಮ್ಮ ದ್ವೀಪದಲ್ಲಿ ಆ ಕಣಜ ಸತ್ತುಹೋದರೆ? ಗಂಡು ಖಾಲಿ ಕೊಕ್ಕಿನಲ್ಲಿ ಬಂದು ಕೂರುತ್ತದೆ. ಮಕ್ಕಳು ಪುಟ ತಿರುಗಿಸದೆ ಇರುತ್ತಾರಾ?

ಪ್ರಶ್ನೆ ಕೇಳಿದವರು

ಕಣಜದ ವಿಷಯ ತುಂಬಾ ಚೆನ್ನಾಗಿದೆ, ಬಳಸಿಕೊಳ್ಳುತ್ತೇನೆ. ಆದರೆ ಸಣ್ಣದೊಂದು ಇಲ್ಲವಾದಾಗ ಮಾತ್ರ ಕತೆ ಹುಟ್ಟುವುದಾ? ಇದ್ದಾಗಲೂ ಅದರಿಂದ ದೊಡ್ಡ ಘಟನೆ ಆಗಬಹುದಾ?

ಹೈಸ್ಕೂಲ್ ವಿಜ್ಞಾನ ಶಿಕ್ಷಕಿಯ ಉತ್ತರ

ಖಂಡಿತ ಆಗಬಹುದು. ಸಣ್ಣವುಗಳ ಶಕ್ತಿ ಇರುವುದು ಹೆರುವ ವೇಗದಲ್ಲಿ. ಆನೆ 22 ತಿಂಗಳು ಹೊತ್ತು ಒಂದು ಮರಿ ಹಾಕುತ್ತದೆ. ಇಲಿಗೆ ಮೂರು ವಾರ ಸಾಕು, ಅದೂ ಒಂದು ಸೂಲಿಗೆ ಹಲವು ಮರಿ.

ಮಿಜೋರಾಂನಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಒಂದು ಜಾತಿಯ ಬಿದಿರು ಒಟ್ಟಿಗೆ ಹೂ ಬಿಡುತ್ತದೆ. ಅಲ್ಲಿಯವರು ಅದನ್ನು ಮೌತಾಮ್ ಅನ್ನುತ್ತಾರೆ. ಉದುರಿದ ಕಾಯಿ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಕಾಯಿ ಮುಗಿದ ಮೇಲೆ ಭತ್ತದ ಗದ್ದೆಗೆ ನುಗ್ಗುತ್ತವೆ. 1959ರ ಮೌತಾಮ್ ನಂತರ ಬರಗಾಲ ಬಂತು. ಪರಿಹಾರಕ್ಕೆಂದು ಕಟ್ಟಿದ ಸಂಘಟನೆ ಮುಂದೆ ಮಿಜೋ ನ್ಯಾಷನಲ್ ಫ್ರಂಟ್ ಆಯಿತು, 1966ರಲ್ಲಿ ಸಶಸ್ತ್ರ ಬಂಡಾಯವೇ ಎದ್ದಿತು. ಸರ್ಕಾರದ ಮೇಲಿನ ಸಿಟ್ಟು ಮುಂತಾದ ಕಾರಣಗಳೂ ಇದ್ದವು ನಿಜ. ಆದರೂ ಆ ಸರಪಳಿಯ ಒಂದು ತುದಿಯಲ್ಲಿ ಇಲಿ ಇದೆ.

ಮತ್ತೆ ನೆನಪಿಡಿ, ತೂಕ ಒಂದೇ ಆದರೂ ಹಸಿವು ಒಂದೇ ಆಗಿರುವುದಿಲ್ಲ. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದ ನಿಯಮದ ಪ್ರಕಾರ ಮೈ ದೊಡ್ಡದಾದಷ್ಟೂ ಕಿಲೋಗೆ ಬೇಕಾದ ಆಹಾರ ಕಡಿಮೆ. 20 ಗ್ರಾಂನ ಎರಡು ಲಕ್ಷ ಚಿಟ್ಟಿಲಿಗಳು ಸೇರಿದರೆ 4,000 ಕಿಲೋದ ಒಂದು ಆನೆಯ ತೂಕ. ಆದರೆ ಆ ಆನೆಗೆ ಬೇಕಾಗುವುದು ಹೆಚ್ಚುಕಡಿಮೆ ಒಂಬತ್ತೂವರೆ ಸಾವಿರ ಚಿಟ್ಟಿಲಿಗಳ ಊಟ ಮಾತ್ರ. ದ್ವೀಪದ ಉಗ್ರಾಣ ಖಾಲಿ ಮಾಡುವವರು ಯಾರು ಅಂತ ಈಗ ಯೋಚಿಸಿ.

ಇನ್ನೊಬ್ಬರು

ದೊಡ್ಡದು ದೊಡ್ಡದನ್ನೇ ತಿನ್ನಬೇಕಿಲ್ಲ. ನಮ್ಮ ದರೋಜಿ ಕರಡಿಗಳನ್ನೇ ನೋಡಿ, ಮುಖ್ಯ ಊಟ ಗೆದ್ದಲು, ಇರುವೆ, ಹಣ್ಣು. ಮೇಲಿನ ಮುಂದಿನ ಎರಡು ಹಲ್ಲು ಇಲ್ಲ. ಆ ಸಂದಿನಿಂದ ಗೆದ್ದಲನ್ನು ಸೊರ್ರಂತ ಎಳೆದುಕೊಳ್ಳುತ್ತದೆ. ನಿಮ್ಮ ದ್ವೀಪದಲ್ಲಿ ಹುತ್ತಗಳಿವೆಯಾ?

ಗೇಮ್‌ಗಳಿಗೆ ಪ್ರಾಣಿಲೋಕ ಕಟ್ಟುವವರು

ಆನೆಯ ಬಗ್ಗೆ ಹೇಳುವುದು ಉಳಿದಿತ್ತು. ಚಿಕ್ಕ ದ್ವೀಪದಲ್ಲಿ ತಲೆಮಾರುಗಳು ಕಳೆದಂತೆ ದೊಡ್ಡ ಪ್ರಾಣಿಗಳು ಗಿಡ್ಡವಾಗುತ್ತವೆ, ಇಲಿಯಂಥವು ಎಷ್ಟೋ ಸಲ ದೊಡ್ಡವಾಗುತ್ತವೆ. ಸಿಸಿಲಿ ದ್ವೀಪದಲ್ಲಿ ಒಂದು ಕಾಲಕ್ಕೆ ಬೆಳೆದ ಆನೆಯೇ ಸುಮಾರು ಒಂದು ಮೀಟರ್ ಎತ್ತರ ಇತ್ತು. ಅಂಥ ಆನೆಯ ಹಿಂಡಾದರೆ ನಿಮ್ಮ 100 ಚದರ ಕಿಲೋಮೀಟರಿನಲ್ಲಿ ಆರಾಮಾಗಿ ಬದುಕುತ್ತದೆ, ಹತ್ತು ವರ್ಷದ ಹುಡುಗಿ ಅದರ ಕಣ್ಣಿಗೆ ಕಣ್ಣಿಟ್ಟು ನಿಲ್ಲಬಹುದು. ದ್ವೀಪ ದಡದಿಂದ ಬೇರೆಯಾಗಿ ಎಷ್ಟು ಸಾವಿರ ವರ್ಷ ಆಯಿತು ಅಂತ ಇಟ್ಟುಕೊಂಡಿದ್ದೀರಿ? ಅದನ್ನು ಹೇಳಿದರೆ ಆನೆಯ ಎತ್ತರ ಒಟ್ಟಿಗೆ ಕೂತು ಗೊತ್ತುಮಾಡೋಣ.