ಮಗಳನ್ನ ಜರ್ಮನಿಲಿ ಬಿಟ್ಟು ಬರೋಕೆ ನಾವೂ ಹೋಗ್ಬೇಕಾ? ಹೋಗಿ ಬಂದವ್ರು ಹೇಳಿ

ಮಗಳಿಗೆ ಜರ್ಮನಿಲಿ ಎಂಎಸ್ ಸೀಟ್ ಸಿಕ್ಕಿದೆ, ಅಕ್ಟೋಬರ್‌ಗೆ ಕ್ಲಾಸ್ ಶುರು. ನಾನು, ನಮ್ಮನೆಯವ್ರು, ಜೊತೆಗೆ ಎಪ್ಪತ್ತು ದಾಟಿದ ನಮ್ಮತ್ತೆ, ಮೂರೂ ಜನ ಹೋಗಿ ರೂಮ್ ಎಲ್ಲಾ ಜೋಡಿಸ್ಕೊಟ್ಟು ಬರೋಣ ಅಂತ ಆಸೆ. ಮಗಳು ಮಾತ್ರ ಯಾರೂ ಬರ್ಬೇಡಿ ಅಂತಾಳೆ. ಹೋಗೋದ್ರಿಂದ ಉಪಯೋಗ ಇದ್ಯಾ? ಏನೇನು ತಗೊಂಡು ಹೋಗ್ಬೇಕು? ನಾವಿರೋದು ರಾಜಾಜಿನಗರ, ನಮ್ಮ ಕಡೆಯಿಂದ ಹೊರದೇಶಕ್ಕೆ ಹೋಗ್ತಿರೋಳು ಇವಳೇ ಮೊದಲು.

ಬನಶಂಕರಿಯಿಂದ:

ಹೋಗಿ, ಆದ್ರೆ ಅವಳ ಜೊತೆ ಒಂದೇ ಫ್ಲೈಟಲ್ಲಿ ಬೇಡ. ಹತ್ತು ಹದಿನೈದು ದಿನ ಬಿಟ್ಟು ಹೋಗಿ. ಯಾಕೆ ಅಂತ ನಮ್ಮ ಕಥೆ ಕೇಳಿ.

ಮಗನ್ನ ಜರ್ಮನಿಯ ಆಖೆನ್ ಅನ್ನೋ ಊರಿಗೆ ಬಿಡೋಕೆ ಅಂತ ಅಪ್ಪ ಅಮ್ಮ ಮಗ ಮೂರು ಜನ ಐದು ಸೂಟ್‌ಕೇಸ್ ಎಳ್ಕೊಂಡು ಶನಿವಾರ ಫ್ರಾಂಕ್‌ಫರ್ಟಲ್ಲಿ ಇಳಿದ್ವಿ, ಅಲ್ಲಿಂದ ರೈಲು, ಸಾಯಂಕಾಲದ ಹೊತ್ತಿಗೆ ಹಾಸ್ಟೆಲ್ ಬಾಗ್ಲಿಗೆ ಬಂದ್ರೆ ಒಂದು ನರಪಿಳ್ಳೆ ಇಲ್ಲ. ಕೀ ಕೊಡೋನು ಹೌಸ್‌ಮೈಸ್ಟರ್ ಅಂತ, ಅಂದ್ರೆ ಬಿಲ್ಡಿಂಗ್ ನೋಡ್ಕೊಳ್ಳೋನು, ಅವನು ಬರೋದು ವಾರದ ದಿನ, ಅದೂ ಬೆಳಿಗ್ಗೆ ಹೊತ್ತು, ಎರಡೇ ಎರಡು ತಾಸು. ಅದನ್ನ ಮೇಲ್‌ನಲ್ಲಿ ಬರೆದಿದ್ರು, ಜರ್ಮನ್‌ನಲ್ಲಿ, ನಾವ್ಯಾರೂ ಕೊನೇವರೆಗೂ ಓದಿರ್ಲಿಲ್ಲ. ಎರಡು ರಾತ್ರಿ ಹೋಟೆಲ್ಲು, ಎರಡು ರೂಮು, ಖರ್ಚು ಕೇಳ್ಬೇಡಿ. ಭಾನುವಾರ ಅಲ್ಲಿ ಅಂಗಡಿಗಳೆಲ್ಲಾ ಬಂದ್. ನಮ್ಮ ಬೀದಿ ಶೆಟ್ರ ಅಂಗಡಿ ಥರ ಅರ್ಧ ಷಟರ್ ಎತ್ತಿ ಹಾಲು ಕೊಡೋರು ಯಾರೂ ಇಲ್ಲ. ಸ್ಟೇಷನ್ ಹತ್ರ ಬ್ರೆಡ್ ಸಿಕ್ತು. ರಾತ್ರಿಗೆ ಹೋಟೆಲ್ ಕೆಟಲ್‌ನಲ್ಲಿ ನೀರು ಕಾಯಿಸಿ ಅವಲಕ್ಕಿ ನೆನೆಸಿ, ಅದಕ್ಕೆ ಪುಳಿಯೋಗರೆ ಗೊಜ್ಜು ಕಲಸಿ ತಿಂದ್ವಿ. ನಿಜ ಹೇಳ್ಬೇಕಂದ್ರೆ ಇಡೀ ಟ್ರಿಪ್ಪಲ್ಲಿ ರುಚಿಯಾಗಿದ್ದ ಊಟ ಅದೇ.

ಸೋಮವಾರ ಕೀ ಸಿಕ್ತು. ರೂಮಲ್ಲಿ ಮಂಚ, ಹಾಸಿಗೆ, ಟೇಬಲ್, ಬೀರು ಇತ್ತು, ದಿಂಬು ಹೊದಿಕೆ ಇಲ್ಲ, ಪಾತ್ರೆ ಒಂದೂ ಇಲ್ಲ. ಅದನ್ನೆಲ್ಲಾ ಒಂದು ಮಧ್ಯಾಹ್ನದಲ್ಲಿ ಕೊಂಡ್ಕೊಂಡಾಯ್ತು. ಆಮೇಲೆ ನಾವು ಅಲ್ಲಿ ಮಾಡಿದ್ದೇನು ಅಂದ್ರೆ ಮಗನಿಗೆ ಅಡ್ಡ ನಿಂತಿದ್ದು. ಮನೆಗೆ ಸೇರಿ ಎರಡು ವಾರದೊಳಗೆ ಸಿಟಿ ಆಫೀಸಲ್ಲಿ ವಿಳಾಸ ರಿಜಿಸ್ಟರ್ ಮಾಡಿಸ್ಬೇಕು, ಅನ್‌ಮೆಲ್ಡುಂಗ್ ಅಂತಾರೆ, ಅದಕ್ಕೆ ಮನೆ ಓನರ್ ಅಥವಾ ಹಾಸ್ಟೆಲ್‌ನವ್ರು ಸೈನ್ ಹಾಕಿದ ಪತ್ರ ಬೇಕು, ಅಪಾಯಿಂಟ್‌ಮೆಂಟ್ ಮೊದಲೇ ಬುಕ್ ಮಾಡ್ಕೊಂಡಿರ್ಬೇಕು. ಕೌಂಟರಲ್ಲಿ ಆಯಮ್ಮ ಕೇಳೋದು ಮಗನ್ನ, ಉತ್ತರ ಕೊಡೋದು ನಮ್ಮನೆಯವ್ರು! ಆಯಮ್ಮ ಮತ್ತೆ ಮಗನ ಕಡೆಗೇ ತಿರುಗಿ ಕೇಳೋಳು, ಇವ್ರು ಮತ್ತೆ ಬಾಯಿ ಹಾಕೋರು. ಮೂರನೇ ಸಲಕ್ಕೆ ಮಗ "ಅಪ್ಪ, ನೀವು ಹೊರಗೆ ಕೂತಿರಿ" ಅಂದ. ಇವ್ರಿಗೆ ಬೇಜಾರಾಗಿ ಎಲೀಸನ್‌ಬ್ರುನ್ನನ್ ಅಂತ ಊರ ಮಧ್ಯ ಬಿಸಿನೀರಿನ ಬುಗ್ಗೆ ಇದೆ, ಗಂಧಕದ ವಾಸನೆ, ಅದರ ಮುಂದೆ ಒಂದು ಗಂಟೆ ಮುಖ ಊದಿಸ್ಕೊಂಡು ಕೂತಿದ್ರು.

ಅದಕ್ಕೇ ಹೇಳೋದು, ಕೀ, ರಿಜಿಸ್ಟ್ರೇಷನ್, ಬ್ಯಾಂಕು, ಸಿಮ್ಮು ಎಲ್ಲಾ ಅವಳೇ ಓಡಾಡಿ ಮಾಡ್ಕೊಳ್ಳಲಿ. ಆಮೇಲೆ ನೀವು ಹೋದ್ರೆ ಅವಳು ನಿಮಗೆ ಊರು ತೋರಿಸ್ತಾಳೆ.

ದುಡ್ಡಿನದ್ದೂ ಹೇಳ್ಬಿಡ್ತೀನಿ. ಬ್ಲಾಕ್ಡ್ ಅಕೌಂಟ್ ಅಂತ, ಅಂದ್ರೆ ವೀಸಾಗೋಸ್ಕರ ಖರ್ಚಿನ ದುಡ್ಡು ಮೊದಲೇ ಕಟ್ಟಿಡೋ ಖಾತೆ, ಅದರಲ್ಲಿ ನಾವು ವರ್ಷಕ್ಕೆ ಅಂತ 11,904 ಯೂರೋ ಇಟ್ಟಿದ್ವಿ, ಅದರಿಂದ ತಿಂಗಳಿಗೆ 992 ಬರುತ್ತೆ, ಆದ್ರೆ ಇಳಿದ ದಿನಾನೇ ಬರಲ್ಲ, ಅಲ್ಲಿ ಬ್ಯಾಂಕ್ ಅಕೌಂಟ್ ಆಗ್ಬೇಕು, ಕಾಗದ ಕೊಡ್ಬೇಕು, ನಮ್ಮವನಿಗೆ ಮೂರು ವಾರ ಹಿಡೀತು. ಅಲ್ಲೀವರೆಗೆ ಬಾಡಿಗೆ, ಡಿಪಾಸಿಟ್ಟು, ಊಟ ಎಲ್ಲಾ ಫಾರೆಕ್ಸ್ ಕಾರ್ಡಿಂದಾನೇ, ಅಂದ್ರೆ ಇಲ್ಲೇ ಯೂರೋ ತುಂಬಿಸ್ಕೊಂಡು ಹೋಗೋ ಕಾರ್ಡು. ಸ್ವಲ್ಪ ನೋಟೂ ಇಟ್ಕೊಳ್ಲಿ, ಕೆಲವು ಬೇಕರಿಲಿ ಕಾರ್ಡ್ ತಗೊಳಲ್ಲ.

ಮಲ್ಲೇಶ್ವರದಿಂದ, ಒಬ್ಬ ಅಪ್ಪ:

ಮೇಲಿನ ಮೇಡಂ ಹೇಳಿದ್ದು ಅರ್ಧ ಒಪ್ತೀನಿ. ಎಲ್ಲಾ ಮಕ್ಕಳೂ ಒಂದೇ ಥರ ಇರಲ್ಲ. ನನ್ನ ಮಗಳು ಇಂಗ್ಲೆಂಡಿಗೆ ಹದಿನೆಂಟಕ್ಕೇ ಡಿಗ್ರಿಗೆ ಹೋದ್ಲು, ಮೊದಲನೇ ರಾತ್ರಿ ನಾವು ಅದೇ ಊರಲ್ಲಿ ಇದ್ದೀವಿ ಅನ್ನೋದೇ ಅವಳಿಗೆ ಧೈರ್ಯ ಆಯ್ತು. ಎಂಎಸ್‌ಗೆ ಹೋಗೋರ ಲೆಕ್ಕ ಬೇರೆ, ಅವ್ರು ಆಗ್ಲೇ ದೊಡ್ಡೋರು.

ವೀಸಾ ಬಗ್ಗೆ ಒಂದು ಮಾತು. ನಿಮ್ಮದು ಷೆಂಗೆನ್ ವೀಸಾ, ಅಂದ್ರೆ ಯೂರೋಪಿಗೆ ಸ್ವಲ್ಪ ದಿನ ಹೋಗಿ ಬರೋರದ್ದು, ಅವಳದ್ದು ಸ್ಟೂಡೆಂಟ್ ವೀಸಾ, ಎರಡೂ ಬೇರೆ ಬೇರೆ ದಾರಿ. ಅವಳದ್ದು ಕೈಗೆ ಬರೋವರೆಗೂ ನೀವು ಕ್ಯಾನ್ಸಲ್ ಆಗದಿರೋ ಟಿಕೆಟ್ ತಗೋಬೇಡಿ. ನಮ್ಮ ಭಾವನವ್ರ ಮನೇಲಿ ಇದೇ ಆಗಿದ್ದು, ಅಪ್ಪ ಅಮ್ಮನ ವೀಸಾ ಬಂತು, ಮಗನದ್ದು ಬರ್ಲಿಲ್ಲ, ಟಿಕೆಟ್ ದುಡ್ಡು ಹೋಯ್ತು. ಷೆಂಗೆನ್‌ಗೆ ಆರು ತಿಂಗಳು ಮೊದಲೇ ಹಾಕ್ಬಹುದು, 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ, ನಿಮ್ಮ ಅತ್ತೆಯವ್ರ ವಯಸ್ಸಿಗೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಬಿಪಿ ಶುಗರ್ ಇದ್ರೆ ಮುಚ್ಚಿಡ್ಬೇಡಿ.

ಫೀಸಿಗೆ ಎಜುಕೇಷನ್ ಲೋನ್ ಇದ್ರೆ ಏಪ್ರಿಲ್ 2025ರಿಂದ ಅದರ ಮೇಲೆ ಟಿಸಿಎಸ್, ಅಂದ್ರೆ ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕ್‌ನವ್ರು ಹಿಡಿಯೋ ತೆರಿಗೆ, ಇಲ್ಲ. ಸ್ವಂತ ದುಡ್ಡು ಕಳಿಸಿದ್ರೆ ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಹಿಡೀತಾರೆ, ರಿಟರ್ನ್ ಫೈಲ್ ಮಾಡಿದಾಗ ಸರಿಹೋಗುತ್ತೆ. ಅಲ್ಲೀವರೆಗೂ ನಮ್ಮ ದುಡ್ಡು ಅವ್ರ ಹತ್ರಾನೇ ಇರುತ್ತೆ, ಅಷ್ಟೇ.

ವಿಜಯನಗರದಿಂದ:

ಪ್ಯಾಕಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ ನೋಡಿ. ಕೊಬ್ಬರಿ ಗಿಟುಕು ಹಾಕ್ಬೇಡಿ, ಅದರಲ್ಲಿ ಎಣ್ಣೆ ಅಂಶ ಇರೋದ್ರಿಂದ ಬೆಂಕಿ ಹತ್ಕೊಳ್ಳೋ ಸಾಮಾನು ಅಂತ ಲೆಕ್ಕ, ಚೆಕ್‌ಇನ್ ಬ್ಯಾಗಲ್ಲೂ ಬಿಡಲ್ಲ, ನಮ್ಮದನ್ನ ಕೆಂಪೇಗೌಡ ಏರ್‌ಪೋರ್ಟಲ್ಲೇ ತೆಗೆಸಿದ್ರು. ತುಪ್ಪ, ಪೇಡ, ಹಾಲಿನದ್ದು ಯಾವುದೂ ಯೂರೋಪಿನೊಳಗೆ ತಗೊಂಡು ಹೋಗೋ ಹಾಗಿಲ್ಲ. ಹಸಿ ಕರಿಬೇವೂ ಬೇಡ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಸಾಕು. ಅಕ್ಕಿ ಬೇಳೆ ಅಲ್ಲೇ ಏಷ್ಯನ್ ಅಂಗಡಿಲಿ ಸಿಗುತ್ತೆ, ಅದನ್ನ ಇಲ್ಲಿಂದ ಹೊತ್ರೆ ತೂಕ ದಂಡ. ಮಾರ್ಕ್ಸ್‌ಕಾರ್ಡ್, ಎಪಿಎಸ್ ಸರ್ಟಿಫಿಕೇಟ್ (ನಮ್ಮ ಮಾರ್ಕ್ಸ್‌ಕಾರ್ಡ್ ಅಸಲಿ ಅಂತ ಜರ್ಮನಿಯವ್ರು ನೋಡಿ ಕೊಡೋದು), ಅಡ್ಮಿಷನ್ ಲೆಟರ್ ಒರಿಜಿನಲ್ಸ್ ಎಲ್ಲಾ ಕೈ ಬ್ಯಾಗಲ್ಲೇ ಇರ್ಲಿ, ಸೂಟ್‌ಕೇಸಿಗೆ ಹಾಕಿ ಅದೇನಾದ್ರೂ ಲೇಟಾಗಿ ಬಂದ್ರೆ ಕಷ್ಟ. ಸ್ಟೂಡೆಂಟ್ ಅಂತ ಹೇಳಿ ಎಕ್ಸ್‌ಟ್ರಾ ಬ್ಯಾಗೇಜ್ ಕೊಡ್ತಾರಾ ಅಂತ ಏರ್‌ಲೈನ್‌ನವ್ರನ್ನ ಕೇಳಿ, ಸುಮಾರು ಕಡೆ ಕೊಡ್ತಾರೆ. ಕುಕ್ಕರ್ ಕೊಡೋದಾದ್ರೆ ತಳಕ್ಕೆ ಮ್ಯಾಗ್ನೆಟ್ ಅಂಟುತ್ತಾ ನೋಡಿ, ಹಾಸ್ಟೆಲಲ್ಲಿ ಇಂಡಕ್ಷನ್ ಒಲೆ ಇದ್ರೆ ಬರೀ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರಲ್ಲ.

ರಾಜಾಜಿನಗರದಿಂದ, ಕೇಳಿದ್ದೋಳೇ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಅವಳಿಗೆ ಓದಿ ಹೇಳ್ದೆ, ಹದಿನೈದು ದಿನ ಬಿಟ್ಟು ಬಂದ್ರೆ ಓಕೆ ಅಂದ್ಲು. ಅತ್ತೆ ಮಾತ್ರ ಕೊಬ್ಬರಿ ಬಿಡಲ್ಲ ಅಂತ ಹಟ ಮಾಡ್ತಿದ್ದಾರೆ. ಫ್ರಿಜ್ ಮೇಲಿದ್ದ ಗಣಪತಿ ಮ್ಯಾಗ್ನೆಟ್ ತೆಗೆದು ಕುಕ್ಕರ್ ತಳಕ್ಕೆ ಹಿಡಿದು ನೋಡ್ದೆ, ಅಂಟ್ಲಿಲ್ಲ. ಹೊಸದು ತಗೋಬೇಕಾದ್ರೆ ಮೂರು ಲೀಟರ್‌ದು ತಗೊಳ್ಲಾ, ಎರಡು ಲೀಟರ್‌ದು ಸಾಕಾ?